ಮಗನ ಕಣ್ಣು, ನನ್ನ ಮೂಗು

ಮೂಗಿನ ವಿಷಯದಲ್ಲಿ ನನಗೆ ಸ್ವಲ್ಪ ಜಂಬವಿದೆ. ಎದುರಿಗೆ ನಿಂತವನು ಕುಡಿದಿದ್ದಾನೆಯೇ, ಕುಡಿದು ಎಷ್ಟು ಹೊತ್ತಾಯಿತು, ಮುಚ್ಚಿಡಲು ಏಲಕ್ಕಿ ಜಗಿದನೋ ಸೋಂಪು ಜಗಿದನೋ, ಎಲ್ಲವನ್ನೂ ಮಾರು ದೂರದಿಂದಲೇ ಹೇಳಬಲ್ಲೆ. ಈ ವಿದ್ಯೆ ಎಲ್ಲಿ ಕಲಿತಿರಿ ಎಂದು ಯಾರೂ ಕೇಳಿಲ್ಲವಾದ್ದರಿಂದ ನಾನೂ ಹೇಳಲು ಹೋಗಿಲ್ಲ.

ನನ್ನ ಮಗ ದಿನಾ ಕೆರಗೋಡಿನಿಂದ ಬಸ್ಸು ಹತ್ತಿ ಮಂಡ್ಯದ ಕಾಲೇಜಿಗೆ ಹೋಗುತ್ತಾನೆ. ಈ ಬೇಸಿಗೆ ಶುರುವಾದಾಗಿನಿಂದ ಸಂಜೆ ಬಸ್ಸಿಳಿಯುವಾಗ ಅವನ ಕಣ್ಣು ಕೆಂಡದ ಹಾಗಿರುತ್ತಿದ್ದವು. ಮನೆಗೆ ಬಂದವನೇ ಎರಡೂ ಮುಷ್ಟಿಯಲ್ಲಿ ಉಜ್ಜುತ್ತ ಕೂರುತ್ತಿದ್ದ. ಬಸ್ ಸ್ಟ್ಯಾಂಡಿನ ಟೀ ಅಂಗಡಿಯ ಸಿದ್ದಣ್ಣ ಒಂದು ದಿನ ನನ್ನನ್ನು ಪಕ್ಕಕ್ಕೆ ಕರೆದು, "ನಿನ್ ಐದ ಕುಡ್ಯಾದ್ ಸುರು ಅಚ್ಕೊಂಡವ್ನೆ ಕಣ್ಲಾ. ಕಣ್ ನೋಡುದ್ರೆ ಗೊತ್ತಾಗಕಿಲ್ವಾ? ಈಗ್ಲೇ ಬಿಗಿ ಮಾಡ್ಕೊ" ಅಂದ. ಅಂದಿನಿಂದ ಮೂಗನ್ನು ಕೆಲಸಕ್ಕೆ ಹಚ್ಚಿದೆ. ಒಂದು ಸಂಜೆ ಹುಳುಕು ಹಲ್ಲು ನೋಡುವ ನೆಪದಲ್ಲಿ ಬಾಯಿ ತೆಗೆಸಿದೆ. ಇನ್ನೊಂದು ಸಂಜೆ ನನ್ನ ಕನ್ನಡಕ ಒರೆಸಬೇಕು, ಗಾಜಿನ ಮೇಲೆ 'ಹಾ' ಅಂತ ಊದು ಎಂದೆ. ಸಿಕ್ಕಿದ್ದು ಈರುಳ್ಳಿ ಬಜ್ಜಿಯ ವಾಸನೆ. ಒಂಬತ್ತು ದಿನವೂ ಅದೇ ಬಜ್ಜಿ. ಬಜ್ಜಿಯ ಹಿಂದೆ ಇನ್ನೇನೋ ಅಡಗಿದೆ ಎಂಬ ಅನುಮಾನ ಗಟ್ಟಿಯಾಯಿತು.

ಹತ್ತನೆಯ ದಿನ ನನ್ನ ಹೆಂಡತಿ, "ಐದ ಬೆಳಕು ನೋಡಕ್ಕಾಯ್ತಿಲ್ಲ ಅಂತ ಒದ್ದಾಡ್ತಾವ್ನೆ, ನೀವು ಬಾಯಿ ಮೂಸ್ಕಂಡ್ ಕೂತಿದ್ದೀರಲ್ಲ. ಎದ್ದೇಳಿ, ಆಸ್ಪತ್ರೆಗೆ ಓಗುವ" ಅಂದಳು.

ಮಂಡ್ಯದ ಕಣ್ಣಿನ ಡಾಕ್ಟರಮ್ಮ ಮಗನ ರೆಪ್ಪೆ ಮಗುಚಿ ನೋಡಿದರು. ಇದು ಅಲರ್ಜಿ, ಎಳೆಯ ವಯಸ್ಸಿನವರಿಗೆ ಬೇಸಿಗೆಯಲ್ಲಿ ಹೆಚ್ಚು, ಧೂಳು ಬಿಸಿಲು ಕೆಣಕುತ್ತದೆ, ಬೇರೆಯವರಿಗೆ ಅಂಟುವುದಿಲ್ಲ ಎಂದರು. ತಣ್ಣೀರು ಬಟ್ಟೆ ಇಡಬೇಕು, ಹೊರಗೆ ಹೋಗುವಾಗ ಕಪ್ಪು ಕನ್ನಡಕ ಹಾಕಬೇಕು, ತಾವು ಬರೆದುಕೊಟ್ಟ ಹನಿಯನ್ನಷ್ಟೇ ಹಾಕಬೇಕು, ಔಷಧಿ ಅಂಗಡಿಯವರು ಕೊಟ್ಟದ್ದನ್ನೆಲ್ಲ ಹಾಕಬಾರದು ಎಂದರು. "ಮುಖ್ಯವಾಗಿ ಉಜ್ಜಬಾರದು. ಕರಿಗುಡ್ಡೆಯ ಮೇಲೆ ಆಗಲೇ ಗಾಯವಾಗಿದೆ. ಇನ್ನೂ ತಡವಾಗಿದ್ದರೆ ದೃಷ್ಟಿಗೇ ತೊಂದರೆ ಇತ್ತು. ಇಷ್ಟು ದಿನ ಏನ್ ಮಾಡ್ತಿದ್ರಿ?" ನನಗೆ ನಿಜಕ್ಕೂ ನಾಚಿಕೆಯಾಯಿತು. ಮಾಡುತ್ತಿದ್ದುದನ್ನು ಹೇಳುವ ಹಾಗಿರಲಿಲ್ಲ.

ಚೀಟಿ ಬರೆಯುತ್ತಿದ್ದ ಡಾಕ್ಟರಮ್ಮ ತಲೆಯೆತ್ತಿ ನನ್ನ ಮುಖವನ್ನೇ ನೋಡಿದರು. "ನಿಮ್ಮ ಕಣ್ಣೂ ಕೆಂಪಗಿವೆಯಲ್ಲ. ಅಲರ್ಜಿಯ ಗುಣ ವಂಶದಲ್ಲಿ ನಿಮ್ಮಿಂದಲೇ ಬಂದಿರಬಹುದು. ಯಾವಾಗಿನಿಂದ ಹೀಗಿದೆ?"

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಹೇಳಿದಳು: "ಅವರ್ದು ಅಲರ್ಜಿ ಅಲ್ಲ ಡಾಕ್ಟ್ರಮ್ಮ. ಬೇಕಾದ್ರೆ ಬಾಯಿ ಮೂಸಿ."

ಮಗ ನಕ್ಕ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದು, ಮುಷ್ಟಿ ಮೇಲೆತ್ತಿದ. "ಉಜ್ಜಬೇಡ" ಎಂದು ಅವನ ಕೈ ಹಿಡಿದುಕೊಂಡೆ. ಆ ಕೋಣೆಯಲ್ಲಿ ಅಪ್ಪನೆನ್ನಿಸಿಕೊಂಡವನಿಗೆ ಹೇಳಲು ಉಳಿದಿದ್ದ ಮಾತು ಅದೊಂದೇ. ಅದನ್ನೂ ಮುಖ ಆಚೆ ತಿರುಗಿಸಿಕೊಂಡೇ ಹೇಳಿದೆ.