ನಾಲ್ಕನೇ ಜ್ವರಕ್ಕೆ ಗ್ರಾಫಿಕ್ಸ್ ಕಾರ್ಡು

ಯಾಮಿನಿ: ಬೇಡ ಅಂದ್ರೆ ಬೇಡ. ಆಟ ಆಡಕ್ಕೆ ಫೋನಿಲ್ವಾ ನಿಮಗೆ?

ಮುರಳಿ: ಫೋನಲ್ಲಿ ಆಡೋದು ಒಂದು ಆಟಾನಾ? ಇದು ನಾನೇ ಒಂದೊಂದು ಪಾರ್ಟ್ ಆರಿಸಿ, ನನ್ನ ಕೈಯಾರೆ ಜೋಡಿಸೋ ಕಂಪ್ಯೂಟರ್ ಕಣೇ.

(ಕೆಂಚಾರ್ಲಹಳ್ಳಿಯ ಒಂದು ಜಗಲಿ. ಭಾನುವಾರ, ಮೈ ನಡುಗಿಸುವ ಚಳಿ. ಗಂಡನ ಕೈಯಲ್ಲಿ ಫೋನು, ಹೆಂಡತಿಯ ಮುಂದೆ ಹಿಪ್ಪುನೇರಳೆ ಸೊಪ್ಪಿನ ರಾಶಿ. ಮುರಳಿಮೋಹನನಿಗೆ ಕುಡುಮಲಕುಂಟೆಯ ಸೊಳ್ಳೆಬತ್ತಿ ಫ್ಯಾಕ್ಟರಿಯಲ್ಲಿ ಕೆಲಸ. ವಾರಕ್ಕೊಮ್ಮೆ ಊರಿಗೆ ಬರುತ್ತಾನೆ. ಸೊಳ್ಳೆಬತ್ತಿಯ ವಾಸನೆ ರೇಷ್ಮೆಹುಳಕ್ಕೆ ವಿಷ. ಹಾಗಾಗಿ ಎಷ್ಟು ಸೋಪು ಸವೆಸಿದರೂ ಈ ಮನೆಯ ಯಜಮಾನನಿಗೆ ಹುಳುಮನೆಯೊಳಗೆ ಪ್ರವೇಶವಿಲ್ಲ. ಪಾಪ, ಈ ಜಗಳಕ್ಕೂ ಅದಕ್ಕೂ ಸಂಬಂಧವಿಲ್ಲವೆಂದೇ ಅವನು ತಿಳಿದಿದ್ದಾನೆ.)

ಯಾಮಿನಿ: ಹೋದ ವಾರಾನೇ ಎಲ್ಲಾ ಆರಿಸಾಯ್ತು ಅಂದ್ರಿ?

ಮುರಳಿ: ಪ್ರೊಸೆಸರ್ ಆಯ್ತು, ಮದರ್‌ಬೋರ್ಡ್ ಆಯ್ತು. ಎಲ್ಲಾನೂ ಒಳಗಿಡಕ್ಕೆ ಒಂದು ಗೂಡು ಆರಿಸ್ಬೇಕು.

(ಅವನ ತಾಯಿ ಚಿಕ್ಕವೆಂಕಟಮ್ಮನಿಗೆ ಒಳಗಿದ್ದರೂ ಬೇಕಾದ ಮಾತು ಮಾತ್ರ ಕೇಳಿಸುತ್ತದೆ.)

ಚಿಕ್ಕವೆಂಕಟಮ್ಮ: ಏಮಿರಾ, ಹುಳ ಇನ್ನೂ ನಾಲ್ಕನೇ ಜ್ವರಕ್ಕೇ ಕೂತಿಲ್ಲ. ಗೂಡೆಲ್ಲಿಂದ ಬಂತೋ?

(ಹುಳ ಮೇವು ಬಿಟ್ಟು, ತಲೆಯೆತ್ತಿ ಕೂತು ಪೊರೆ ಕಳಚುವುದಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ಎದ್ದ ಹುಳವೇ ಕೊನೆಗೆ ಗೂಡು ಕಟ್ಟುವುದು. ಕಳೆದ ವರ್ಷ ಇದೇ ಚಳಿಗೆ ಅರ್ಧ ಹುಳ ನಾಲ್ಕನೇ ಜ್ವರದಿಂದ ಏಳಲೇ ಇಲ್ಲ. ಯಾಮಿನಿ ಊಟ ಬಿಟ್ಟು ಅತ್ತಿದ್ದಳು.)

ಮುರಳಿ: ಆ ಗೂಡಲ್ಲಮ್ಮ. ಕಂಪ್ಯೂಟರ್ ಡಬ್ಬ. ಮೈಯೆಲ್ಲ ತೂತಿರೋದು ನೋಡ್ತಿದೀನಿ.

ಚಿಕ್ಕವೆಂಕಟಮ್ಮ: ತೂತು ಬಿದ್ದಿರೋ ಗೂಡನ್ನ ಶಿಡ್ಲಘಟ್ಟ ಮಾರ್ಕೆಟ್ಟಲ್ಲಿ ಯಾರೂ ಮುಟ್ಟಲ್ಲಪ್ಪ.

ಯಾಮಿನಿ: ತೂತು ಯಾಕ್ರೀ?

ಮುರಳಿ: ಗಾಳಿ ಆಡ್ಬೇಕಲ್ಲ. ಗ್ರಾಫಿಕ್ಸ್ ಕಾರ್ಡು ಅಂತ ಒಂದಿರುತ್ತೆ, ಆಟದ ಚಿತ್ರ ಬರೋದೇ ಅದರಿಂದ. ಕೆಲವು ಕಾರ್ಡು ರೂಮನ್ನೇ ಕಾಯಿಸ್ಬಿಡ್ತವೆ.

(ಯಾಮಿನಿಯ ಕೈ ಸೊಪ್ಪಿನ ಮೇಲೆ ನಿಂತಿತು. ಮುರಳಿ ಹೆದರಿದ.)

ಯಾಮಿನಿ: ರೂಮನ್ನೇ ಕಾಯಿಸುತ್ತಾ?

ಮುರಳಿ: ಎಲ್ಲಾ ಕಾರ್ಡೂ ಅಲ್ಲ! ನಾನು ನೋಡಿರೋದು ತಣ್ಣಗಿರುತ್ತೆ.

ಯಾಮಿನಿ: ತಣ್ಣಗಿದ್ರೆ ಬೇಡ.

ಮುರಳಿ: ಸರಿ, ಇನ್ನೂ ಚಿಕ್ಕದು ತಗೊಳ್ಳಣ. ಮುಟ್ಟಿದ್ರೂ ಬಿಸಿ ಗೊತ್ತಾಗಲ್ಲ.

ಯಾಮಿನಿ: ಅದನ್ನಂತೂ ಹೊಸಿಲು ದಾಟಿಸ್ಬೇಡಿ.

ಮುರಳಿ: ನೀರಲ್ಲಿ ತಂಪು ಮಾಡೋ ಕೂಲರ್ ಹಾಕ್ತೀನಿ ಕಣೇ. ಮಂಜುಗಡ್ಡೆ ಇದ್ದಂಗಿರುತ್ತೆ!

ಯಾಮಿನಿ: ಹುಳ ಸಾಯ್ಲೇಬೇಕು ಅಂತ ಹಟಾನಾ ನಿಮಗೆ?

ಮುರಳಿ: ಕಂಪ್ಯೂಟರ್‌ಗೂ ಹುಳಕ್ಕೂ ಏನೇ ಸಂಬಂಧ?

ಯಾಮಿನಿ: ಹುಳುಮನೆ ಕಾಯ್ಸಕ್ಕೆ ಇದ್ದಿಲ ಕುಂಪಟಿ ಊದಿ ಊದಿ ಅತ್ತೆಗೆ ಕೆಮ್ಮು ಹತ್ಕೊಂಡಿದೆ. ಹೊಗೆ ಹುಳಕ್ಕೂ ಒಳ್ಳೇದಲ್ಲ. ನಿಮ್ಮ ಡಬ್ಬದಿಂದ ಹೊಗೆ ಬರುತ್ತಾ?

ಮುರಳಿ: ಹೊಗೆ ಬಂದ್ರೆ ಸುಟ್ಟೋಯ್ತು ಅಂತಾನೇ. ಬರೀ ಬಿಸಿಗಾಳಿ ಬರುತ್ತೆ.

ಯಾಮಿನಿ: ಕೊಡಿ ಫೋನು. ಇರೋದ್ರಲ್ಲೆಲ್ಲಾ ಜಾಸ್ತಿ ಕಾಯೋದು ಯಾವ್ದು?

(ಮುರಳಿ ತೋರಿಸಿದ. ಚಿಂತಾಮಣಿಯಲ್ಲಿ ಓದುವಾಗಿನಿಂದ ಅವನು ಆಸೆಪಟ್ಟು, ಹೆಂಡತಿಯ ಮುಂದೆ ಹೆಸರೆತ್ತಲೂ ಧೈರ್ಯ ಸಾಲದೆ ಬಿಟ್ಟಿದ್ದ ಕಾರ್ಡು ಅದು.)

ಯಾಮಿನಿ: ಇದೇ ಇರ್ಲಿ.

(ಮುರಳಿಯ ಕಣ್ಣಲ್ಲಿ ನಿಜಕ್ಕೂ ನೀರು ಬಂತು.)

ಯಾಮಿನಿ: ಆದ್ರೆ ಈ ಬಣ್ಣದ ಲೈಟ್ ಬೇಡ. ಬೆಳಕು ಕುಕ್ಕಿದ್ರೆ ಹುಳವೆಲ್ಲ ಒಂದು ಮೂಲೆಗೆ ಸೇರ್ಕೊಳ್ತವೆ. ಜಗಲಿ ಮೇಲೇ ಕೂತು ಜೋಡಿಸಿ. ನಾನು ಬ್ಲೀಚಿಂಗ್ ನೀರಲ್ಲಿ ತೊಳೆದು ಒಳಗಿಡ್ತೀನಿ.

ಮುರಳಿ: ತೊಳೆದು?

ಯಾಮಿನಿ: ಒರೆಸಿ. ಆಯ್ತಾ?

ಮುರಳಿ: ಆಯ್ತು. ಆದ್ರೆ ಯಾಮಿನಿ, ಸುಮ್ನೆ ಆನ್ ಮಾಡಿಟ್ರೆ ಅದು ಕಾಯಲ್ಲ. ದೊಡ್ಡ ಆಟ ಆಡ್ತಾನೇ ಇರ್ಬೇಕು. ಹುಳ ಜ್ವರ ಏಳೋವರೆಗೂ ಬಿಡಂಗಿಲ್ಲ. (ಮುಖ ಸಣ್ಣಗೆ ಮಾಡಿ) ಕಷ್ಟಾನೇ, ಏನ್ಮಾಡೋದು. ಮನೆಗೋಸ್ಕರ ರಜಾ ಹಾಕಿ ಆಡ್ತೀನಿ.

ಯಾಮಿನಿ: ಎಲ್ಲಿ ಕೂತು ಆಡ್ತೀರಾ?

ಮುರಳಿ: ಎಲ್ಲಿ ಅಂದ್ರೆ? ಹುಳುಮನೆ...

(ಮುರಳಿ ತನ್ನ ಅಂಗಿಯ ತೋಳನ್ನು ಮೂಸಿದ. ಇನ್ನೊಂದು ತೋಳನ್ನೂ ಮೂಸಿದ. ಎರಡೂ ಫ್ಯಾಕ್ಟರಿಗೆ ನಿಯತ್ತಾಗಿದ್ದವು.)

ಮುರಳಿ: ಮತ್ತೆ ಆಟ ಯಾರು ಆಡೋದು?

(ಚಿಕ್ಕವೆಂಕಟಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.)

ಚಿಕ್ಕವೆಂಕಟಮ್ಮ: ಕುಂಪಟಿ ಮುಂದೆ ಕೂತಿದ್ದೋಳು ನಾನು ತಾನೆ? ಇದರ ಮುಂದೂ ನಾನೇ ಕೂತ್ಕೊಳ್ತೀನಿ. ಅದ್ರಲ್ಲಿ ಯಾರನ್ನ ಹೊಡೀಬೇಕು, ಅದೊಂದು ಹೇಳ್ಕೊಟ್ಟು ಹೋಗು.

ಮುರಳಿ: ಅಮ್ಮಾ! ಅದು ನನ್ನ ಕಂಪ್ಯೂಟರ್! ನಾನೇನು ಮಾಡ್ಲಿ?

ಚಿಕ್ಕವೆಂಕಟಮ್ಮ: ಕಿಟಕಿಯಾಚೆ ನಿಂತು ನೋಡ್ಕೊಳಪ್ಪ, ಯಾರು ಬೇಡ ಅಂದೋರು? ಆ ಕಡೆ ಸೊಳ್ಳೆ ಜಾಸ್ತಿ. ಬತ್ತಿ ಮಾತ್ರ ಹಚ್ಚಬೇಡ.