ಹಿಡಿದು ಬಿಡುವ ವಿದ್ಯೆ

ಮೀನು ಹಿಡಿಯುವುದು ಅಂಥ ಕಷ್ಟದ ಕೆಲಸವಲ್ಲ ಎಂದು ನಾನು ಬಲವಾಗಿ ನಂಬಿದ್ದೆ. ಅದುವರೆಗೆ ನಾನು ಮೀನನ್ನು ಹತ್ತಿರದಿಂದ ನೋಡಿರಲಿಲ್ಲ ಎಂಬುದೇ ಈ ನಂಬಿಕೆಗೆ ಆಧಾರ. ನಮ್ಮದು ಮಾಧ್ವರ ಮನೆ. ಉಳ್ಳಾಗಡ್ಡಿ ತಂದರೂ ಅವ್ವ ಅದನ್ನು ಹೊಸ್ತಿಲ ಆಚೆಗೇ ಇಡಿಸುತ್ತಿದ್ದಳು. ದೇವರ ಕೋಣೆಯ ದಶಾವತಾರದ ಪಟದಲ್ಲಿ ಒಂದು ಮೀನು ಇತ್ತು. ಅದೂ ಸೊಂಟದವರೆಗೆ ಮಾತ್ರ.

ಆಗ ತೊಂಬತ್ತರ ದಶಕ. ನಾನು ವಾಡಿಯ ಕಡೆ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಗುಮಾಸ್ತನಾಗಿದ್ದೆ. ಬಾಡಿಗೆ ಮನೆ ಚಿತ್ತಾಪುರದಲ್ಲಿ. ದಿನವೂ ಪ್ಯಾಸೆಂಜರ್ ಗಾಡಿಯಲ್ಲಿ ಓಡಾಟ. ಮನೆಯ ನೆಲ, ಗೋಡೆ, ಮಾಳಿಗೆ ಎಲ್ಲವೂ ಶಹಾಬಾದಿನ ಪರಸಿ ಕಲ್ಲು. ಬೇಸಿಗೆಯಲ್ಲಿ ಒಳಗೆ ಕೂತರೆ ಹಂಚಿನ ಮೇಲಿನ ರೊಟ್ಟಿಯ ಕಷ್ಟ ಅರ್ಥವಾಗುತ್ತಿತ್ತು. ನೀರು ಹಿತ್ತಲ ಬಾವಿಯದು. ನನ್ನ ಹೆಂಡತಿ ಸುಧಾ ಮನೆ ಬಳಕೆಗೆ ಒಂದು ಸಲ, ಅವ್ವನ ಮಡಿಗೆ ಇನ್ನೊಂದು ಸಲ ಎಂದು ಎರಡೆರಡು ಬಾರಿ ಸೇದುತ್ತಿದ್ದಳು. ಕಾರ್ಖಾನೆಯ ಕ್ವಾರ್ಟರ್ಸಿನಲ್ಲಾದರೋ ಮನೆಯೊಳಗೇ ನಳ. "ನಳದ ನೀರು ಮಡಿಗೆ ಬರಂಗಿಲ್ಲ" ಎನ್ನುತ್ತಿದ್ದ ಅವ್ವ ಕೂಡ, ಮೊಣಕಾಲು ನೋವು ಶುರುವಾದ ಮೇಲೆ, ಬರುತ್ತದೆ ಎಂದು ತೀರ್ಪು ಕೊಟ್ಟಿದ್ದಳು.

"ಸಾಹೇಬರ ಕಣ್ಣಿಗೆ ಬೀಳ್ರಿ. ಕಣ್ಣಿಗೆ ಬೀಳಲಾರದವ್ರಿಗೆ ಯಾರು ಮನಿ ಕೊಡ್ತಾರ?" ಎಂದು ಸುಧಾ ಬಾವಿಕಟ್ಟೆಯಿಂದ ದಿನಾ ಹೇಳುತ್ತಿದ್ದಳು.

ಸಾಹೇಬರು ಎಂದರೆ ನಮಗೆ ಹೊಸದಾಗಿ ಬಂದಿದ್ದ ಜನರಲ್ ಮ್ಯಾನೇಜರು. ಉತ್ತರದ ಗುಡ್ಡಗಾಡಿನವರು. ಅವರ ಸಾಮಾನು ಲಾರಿಯಲ್ಲಿ ಬಂದಾಗ ಇಳಿಸಿಕೊಂಡವನು ನಾನೇ. ಅದರಲ್ಲಿ ಒಂದು ಉದ್ದನೆಯ ಚರ್ಮದ ಕೊಳವೆ ಇತ್ತು. ಒಳಗೆ ತೆಳ್ಳಗಿನ, ಬಳುಕುವ ಕೋಲು. ನಾನು ಅದನ್ನು ಎತ್ತಿ ನೋಡುತ್ತಿರುವಾಗಲೇ ಸಾಹೇಬರು ಹಿಂದೆ ಬಂದು ನಿಂತರು. ಅವರು ಮಾತಾಡಿದ್ದು ಹಿಂದಿಯಲ್ಲಿ. ನಾನು ಕನ್ನಡದಲ್ಲಿ ಹೇಳುತ್ತೇನೆ.

"ನಿಮಗೆ ಇದರ ಅಭ್ಯಾಸ ಉಂಟೇ?"

ನಾನು ಕೋಲನ್ನು ಹಿಡಿದದ್ದು ಜೇಡರ ಬಲೆ ತೆಗೆಯುವ ರೀತಿಯಲ್ಲಿ. ಅದರಲ್ಲಿ ಅವರಿಗೆ ಯಾವ ಕೌಶಲ ಕಂಡಿತೋ ದೇವರೇ ಬಲ್ಲ. ನನ್ನ ಕಣ್ಣ ಮುಂದೆ ನಳ ಬಂತು. "ಅಲ್ಪಸ್ವಲ್ಪ ಉಂಟು ಸರ್" ಎಂದೆ.

ಸಾಹೇಬರಿಗೆ ಕಳೆದುಹೋದ ತಮ್ಮ ಸಿಕ್ಕಷ್ಟು ಸಂತೋಷವಾಯಿತು. ಇದು ಗಾಳಕ್ಕೆ ಎರೆಹುಳು ಚುಚ್ಚಿ ಕೂರುವ ಸಾಮಾನ್ಯ ಪದ್ಧತಿಯಲ್ಲ, ಗರಿ ಮತ್ತು ದಾರದಿಂದ ಮಾಡಿದ ಹುಸಿ ನೊಣವನ್ನು ನೀರಿನ ಮೇಲೆ ನಿಜವಾದ ನೊಣ ಕೂತಂತೆ ಹಗುರವಾಗಿ ಇಳಿಸುವ ಕಲೆ ಎಂದು ವಿವರಿಸಿದರು. ಮಳೆಗಾಲ ಮುಗಿದು ಕಾಗಿಣಾ ನದಿ ತಿಳಿಯಾದ ಮೇಲೆ ಇಬ್ಬರೂ ಹೋಗೋಣ ಎಂದರು. ಅಲ್ಲಿಯವರೆಗೆ ಓದಿಕೊಂಡಿರಲು ಒಂದು ದಪ್ಪ ಇಂಗ್ಲಿಷ್ ಪುಸ್ತಕ ಕೊಟ್ಟರು. ಹಿಡಿದ ಮೀನನ್ನು ಮತ್ತೆ ನೀರಿಗೇ ಬಿಡುತ್ತೇನೆ ಎಂದೂ ಹೇಳಿದರು. ಈ ಕೊನೆಯ ಮಾತು ನನ್ನ ಧರ್ಮಸಂಕಟವನ್ನು ಪೂರ್ತಿ ಕಳೆಯಿತು. ಆ ಸಮಾಧಾನವನ್ನೇ ಮನೆಗೆ ಒಯ್ದು ಸುಧಾಳ ಮುಂದೆ ಇಟ್ಟೆ.

ಅವಳು ಕೇಳಿದಳು, "ಅಲ್ರೀ, ಹಿಡದು ಬಿಡೋದಿದ್ರ ಹಿಡಿಯೋದ್ಯಾಕ್ರಿ?"

"ಅದು ಕಲಾ."

"ಹಂಗಾದ್ರ ನಾನೂ ನೀರು ಸೇದಿ ಮತ್ತ ಬಾವಿಗೇ ಸುರುವ್ಲೇನು? ನನ್ನದೂ ಕಲಾ ಆಗ್ತದ."

ಇಂಥ ಪ್ರಶ್ನೆಗಳಿಗೆ ಪುಸ್ತಕದಲ್ಲಿ ಉತ್ತರವಿರಲಿಲ್ಲ. ಬೇರೆ ಎಲ್ಲವೂ ಇತ್ತು. ಕೋಲಿಗೆ ರಾಡ್ ಎನ್ನಬೇಕು. ದಪ್ಪ ದಾರ ಲೈನ್. ಅದರ ತುದಿಗೆ ಕಟ್ಟುವ, ಮೀನಿಗೆ ಕಾಣಿಸದ ಸಣ್ಣ ಎಳೆಗೆ ಲೀಡರ್ ಎಂದು ಹೆಸರು. ಲೀಡರ್ ಆದವನು ಕಣ್ಣಿಗೆ ಕಾಣಿಸಬಾರದು ಎಂಬ ನಿಯಮ ನನಗೆ ನಮ್ಮ ತಾಲ್ಲೂಕಿನ ಅನುಭವಕ್ಕೂ ಹೊಂದುತ್ತದೆ ಅನ್ನಿಸಿತು. ರಾಡನ್ನು ಗಡಿಯಾರದ ಮುಳ್ಳಿನಂತೆ ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಆಡಿಸಿ ಲೈನ್ ಬೀಸಬೇಕು. ಕೈಗೆ ಎಳೆತ ಸಿಕ್ಕ ತಕ್ಷಣ, ಯೋಚನೆ ಮಾಡದೆ, ರಾಡನ್ನು ಮೇಲಕ್ಕೆತ್ತಬೇಕು. ಯೋಚನೆ ಮಾಡದೆ ಎಂಬ ಶಬ್ದದ ಕೆಳಗೆ ಸಾಹೇಬರು ಕೆಂಪು ಗೆರೆ ಎಳೆದಿದ್ದರು.

ಮಾಳಿಗೆಯ ಮೇಲೆ, ಜೇಡರ ಬಲೆಯ ಕೋಲಿಗೆ ಸುತಳಿ ಕಟ್ಟಿ ಬೀಸುವ ಅಭ್ಯಾಸ ಆರಂಭಿಸಿದೆ. ಮೊದಲ ದಿನ ಒಣಹಾಕಿದ್ದ ಸಂಡಿಗೆ ಹಿಡಿದೆ. ಎರಡನೆಯ ದಿನ ಪಕ್ಕದ ಮನೆಯ ಶರಣಪ್ಪನವರ ರುಮಾಲು ಹಿಡಿದೆ. ಪುಸ್ತಕದ ಪ್ರಕಾರ ಎರಡನ್ನೂ ಗೌರವದಿಂದ ಬಿಟ್ಟೆ. ಶರಣಪ್ಪನವರು ಮಾತ್ರ ರುಮಾಲು ಸುತ್ತಿಕೊಳ್ಳುತ್ತ, "ಗುಂಡೇರಾಯರ, ಮೈಯಾಗ ಆರಾಮ ಅದ ಇಲ್ಲೋ?" ಎಂದು ಕೇಳಿ ಕೆಳಗಿಳಿದರು.

ಬೀಸುವುದು ಹಾಗಿರಲಿ, ನನ್ನ ನಿಜವಾದ ಸಾಧನೆ ಗಂಟುಗಳಲ್ಲಿ. ನೊಣವನ್ನು ಲೀಡರಿಗೆ ಕಟ್ಟಲು ಒಂದು, ಲೀಡರನ್ನು ಲೈನಿಗೆ ಕಟ್ಟಲು ಇನ್ನೊಂದು, ಎರಡು ಎಳೆ ಸೇರಿಸಲು ಮತ್ತೊಂದು. ಇವನ್ನು ಕಣ್ಣು ಮುಚ್ಚಿ ಹಾಕುವಂತಾಗಬೇಕು ಎಂದು ಪುಸ್ತಕ ಹೇಳಿತ್ತು. ಅಭ್ಯಾಸಕ್ಕೆ ಸಮಯ ಸಿಗುತ್ತಿದ್ದುದು ಗಾಡಿಯಲ್ಲಿ ಮಾತ್ರ. ಅಲ್ಲಿ ದಾರ ಎಲ್ಲಿಂದ ತರುವುದು? ಆಗ ನನ್ನ ಕೈ ತಾನಾಗಿಯೇ ಅಂಗಿಯ ಗುಂಡಿ ಬಿಚ್ಚಿ ಒಳಗೆ ಹೋಯಿತು. ಜನಿವಾರ! ನಯವಾದ ಹತ್ತಿಯ ನೂಲು, ಸದಾ ಮೈಮೇಲೇ ಇರುವುದು. ಋಷಿಮುನಿಗಳಿಗೆ ಇದು ಯಾಕೆ ಹೊಳೆಯಲಿಲ್ಲ ಎಂದು ಆಶ್ಚರ್ಯಪಟ್ಟೆ. ಚಿತ್ತಾಪುರದಿಂದ ವಾಡಿ ಬರುವುದರೊಳಗೆ ಒಂದು ಗಂಟು ಪಾಠವಾಗುತ್ತಿತ್ತು. ಆ ಪುಸ್ತಕ ಗಂಟು ಹಾಕುವುದನ್ನು ವಿವರವಾಗಿ ಕಲಿಸುತ್ತಿತ್ತು, ಬಿಚ್ಚುವುದಕ್ಕೆ ಅಧ್ಯಾಯವೇ ಇರಲಿಲ್ಲ.

ಇದು ಬಯಲಾದದ್ದು ಅಪ್ಪನ ಶ್ರಾದ್ಧದ ದಿನ. ಸೇಡಂನಿಂದ ಆಚಾರ್ಯರು ಬಂದಿದ್ದರು. ದೇವಕಾರ್ಯಕ್ಕೆ ಜನಿವಾರ ಎಡ ಹೆಗಲ ಮೇಲಿರಬೇಕು, ಪಿತೃಕಾರ್ಯಕ್ಕೆ ಬಲ ಹೆಗಲಿಗೆ ಬದಲಿಸಬೇಕು. ನಡುವೆ ಹತ್ತಾರು ಸಲ ಆ ಕಡೆ ಈ ಕಡೆ ಮಾಡುವುದಿರುತ್ತದೆ.

"ಬಲಕ್ಕ ಮಾಡ್ಕೋರಿ" ಎಂದರು ಆಚಾರ್ಯರು.

ನಾನು ಕೈ ತೂರಿಸಿದೆ. ಗಂಟಿನ ಮೇಲೆ ಗಂಟು ಬಿದ್ದು ಜನಿವಾರ ಮೊದಲಿನ ಅರ್ಧದಷ್ಟಾಗಿತ್ತು. ಮೊಣಕೈ ಒಳಗೆ ಸಿಕ್ಕಿತು, ಕತ್ತು ಒಂದು ಕಡೆ ವಾಲಿತು, ಬಲಗೈ ಆಕಾಶ ನೋಡುತ್ತ ನಿಂತಿತು. ಎಳ್ಳುನೀರು ಬಿಡಬೇಕಾದ ಕೈ ಅದೇ.

ಆಚಾರ್ಯರು ಕನ್ನಡಕ ಸರಿಮಾಡಿಕೊಂಡು ಹತ್ತಿರ ಬಂದರು. ಬ್ರಹ್ಮಗಂಟು ಒಂದೇ ಇರಬೇಕಾದಲ್ಲಿ ಸಾಲುಗಟ್ಟಿ ಕೂತಿದ್ದ ಗಂಟುಗಳನ್ನು ಬೆರಳಿನಿಂದ ಮುಟ್ಟಿ ನೋಡಿದರು. "ಗುಂಡೇರಾಯರ, ಇದು ಯಾವ ಶಾಖಾದ ಪದ್ಧತಿ?" ಎಂದು ನಿಜವಾದ ಕುತೂಹಲದಿಂದಲೇ ಕೇಳಿದರು.

ಇಂಗ್ಲೆಂಡಿನ ಶಾಖೆಯದು ಎಂದು ಹೇಳಲು ಧೈರ್ಯವಾಗಲಿಲ್ಲ. ಕತ್ತರಿಸಿ ಬಿಡಿಸಿದರು, ಹೊಸದು ಹಾಕಿದರು, ಶ್ರಾದ್ಧ ಮುಗಿಯಿತು. ಅವ್ವ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸಂಜೆ ತುಳಸಿಕಟ್ಟೆಯ ಹತ್ತಿರ ಕೂಡಿಸಿ, "ನಿಮ್ಮಪ್ಪಗ ನೀರು ಬಿಡೋ ಕೈ ಸಿಕ್ಕೊಂಡು ನಿಂತಿತ್ತಲ್ಲೋ ಗುಂಡ್ಯಾ" ಎಂದಳು. ನನಗೆ ಬಹಳ ನಾಚಿಕೆಯಾಯಿತು. ಇನ್ನು ಮುಂದೆ ಜನಿವಾರದ ವಿಷಯದಲ್ಲಿ ಒಂದು ನಿಯಮವನ್ನೂ ಮೀರುವುದಿಲ್ಲ ಎಂದು ತುಳಸಿ ಮುಟ್ಟಿ ಮಾತು ಕೊಟ್ಟೆ. ಅವ್ವ ನಿಯಮಗಳನ್ನು ಮತ್ತೊಮ್ಮೆ ಹೇಳಿದಳು. ಮುಖ್ಯವಾದದ್ದು ಇದು: ಜನಿವಾರ ಹರಿದರೆ ಹೊಸದು ಹಾಕಿಕೊಳ್ಳುವವರೆಗೆ ಮಾತಾಡಬಾರದು, ಹೆಜ್ಜೆ ಇಡಬಾರದು. ಕಾಗಿಣಾಕ್ಕೆ ಹೊರಟ ಭಾನುವಾರ ಅವಳೇ ಕೈಚೀಲದಲ್ಲಿ ಒಂದು ಹೊಸ ಜನಿವಾರ ಇಟ್ಟು, "ಇರ್ಲಿ, ಹೊಳಿ ಕಡೆ ಹೊಂಟೀದಿ" ಎಂದಳು.

ಜೀಪಿನಲ್ಲಿ ನಾವು ಮೂವರು: ಸಾಹೇಬರು, ನಾನು, ಡ್ರೈವರ್ ಖಾಜಾ. ನದಿ ತಿಳಿಯಾಗಿತ್ತು. ಖಾಜಾ ದಂಡೆಯ ಮೇಲೆ ಜೀಪಿಗೆ ಒರಗಿ ನಿಂತ. ನಾವಿಬ್ಬರೂ ಮೊಣಕಾಲುದ್ದ ನೀರಿಗೆ ಇಳಿದೆವು. ನನ್ನ ರಾಡಿಗೆ ನೊಣವನ್ನು ನಾನೇ ಕಟ್ಟಿದೆ. ಸಾಹೇಬರು ಗಂಟನ್ನು ಎಳೆದು ನೋಡಿ ತಲೆದೂಗಿದರು. ಆ ಹೊತ್ತಿನಲ್ಲಿ ನಾನು ನಿಜವಾಗಿಯೂ ಸುಖಿಯಾಗಿದ್ದೆ.

ಬಿಸಿಲಿಗೆ ಕಾಲರಿನ ಗುಂಡಿ ಬಿಚ್ಚಿದ್ದೆ. ಬೆವರಿಗೆ ಜನಿವಾರ ಕತ್ತಿನ ಹಿಂದೆ ಮೇಲಕ್ಕೆ ಸರಿದಿತ್ತು. ರಾಡನ್ನು ಹಿಂದಕ್ಕೆ ಬೀಸಿದೆ, ಮುಂದಕ್ಕೆ ತಂದೆ. ಕೈಗೆ ಎಳೆತ ಸಿಕ್ಕಿತು. ಮೊದಲ ಬೀಸಿಗೇ ಮೀನು! ಯೋಚನೆ ಮಾಡದೆ, ಪುಸ್ತಕದ ಆಜ್ಞೆಯಂತೆ, ರಾಡನ್ನು ಪೂರ್ತಿ ಶಕ್ತಿಯಿಂದ ಮೇಲಕ್ಕೆತ್ತಿದೆ.

ಕತ್ತಿನ ಹಿಂದೆ ಚಟ್ ಎಂದಿತು. ನೊಣ ಹೋಗಿ ಕೂತದ್ದು ನನ್ನ ಬೆನ್ನ ಮೇಲೆಯೇ. ನೊಣದೊಳಗಿನ ಕೊಕ್ಕೆ ಜನಿವಾರಕ್ಕೆ ಸಿಕ್ಕಿತ್ತು. ನಾನು ಹಾಕಿದ ಗಂಟು ಎಷ್ಟು ಭದ್ರವಾಗಿತ್ತೆಂದರೆ ಅದು ಬಿಚ್ಚಲಿಲ್ಲ, ಲೀಡರ್ ಹರಿಯಲಿಲ್ಲ, ಜನಿವಾರ ಹರಿಯಿತು. ಅದು ರಾಡಿನ ತುದಿಯಲ್ಲಿ ಗಾಳಿಗೆ ತೂಗಾಡುತ್ತಿತ್ತು. ನಾನು ಮೊದಲ ಬಾರಿಗೆ ಹಿಡಿದದ್ದು ನನ್ನ ಬ್ರಾಹ್ಮಣಿಕೆಯನ್ನೇ.

ಬಾಯಿ ಮುಚ್ಚಿದೆ. ಕಾಲು ನಿಂತಲ್ಲೇ ನಿಂತಿತು. ತುಳಸಿ ಮುಟ್ಟಿ ಕೊಟ್ಟ ಮಾತು.

ಸಾಹೇಬರು ತಮ್ಮ ಲೈನ್ ಮೇಲೆಯೇ ಕಣ್ಣಿಟ್ಟು ನಿಂತಿದ್ದರಿಂದ ಇದನ್ನು ನೋಡಲಿಲ್ಲ. ದೈವಲೀಲೆ ನೋಡಿ, ಅದೇ ಗಳಿಗೆಯಲ್ಲಿ ಅವರು ಮಾತು ತೆಗೆದರು. "ಗುಂಡೇರಾವ್, ಮೂಲೆಯ ಕ್ವಾರ್ಟರ್ಸ್ ಖಾಲಿಯಾಗಿದೆ. ನೀವು ದಿನಾ ರೈಲಿನಲ್ಲಿ ಓಡಾಡುತ್ತೀರಂತೆ. ನಿಮ್ಮ ಹೆಸರು ಹೇಳಿಬಿಡಲೇ?"

ಒಂದು ಅಕ್ಷರ ಸಾಕಿತ್ತು. ಹೂಂ ಎಂದಿದ್ದರೂ ನಡೆಯುತ್ತಿತ್ತು. ಆದರೆ ಅವ್ವನ ಪ್ರಕಾರ ಹೂಂ ಕೂಡ ಮಾತೇ. ತಲೆಯಾಡಿಸಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಸುಧಾ ಕೂಡ ಮುಂದೊಂದು ದಿನ ಅದನ್ನೇ ಕೇಳಿದಳು. ಆ ಬುದ್ಧಿ ಆಗ ಬರಲಿಲ್ಲ. ಮೊದಲು ಹೊಸ ಜನಿವಾರ ಹಾಕಿಕೊಂಡು ಆಮೇಲೆ ಸವಿಸ್ತಾರವಾಗಿ ಕೃತಜ್ಞತೆ ಹೇಳೋಣ ಎಂಬುದು ನನ್ನ ಯೋಜನೆ. ಅದಕ್ಕಾಗಿ ತಡೆಯಿರಿ ಎಂದು ಅಂಗೈ ಆಡಿಸಿದೆ.

"ಬೇಡವೇ?" ಎಂದು ಸಾಹೇಬರು ಬೆರಗಾಗಿ ತಿರುಗಿದರು.

ನಾನು ಗಾಬರಿಯಿಂದ ಖಾಜಾನ ಕಡೆ ಬೆರಳು ತೋರಿಸಿದೆ. ಜೀಪಿನಲ್ಲಿರುವ ಚೀಲ ತರಲಿ ಎಂದು. ಖಾಜಾ ಕದಲಲಿಲ್ಲ. ಮತ್ತೆ ಮತ್ತೆ ಅವನನ್ನೇ ತೋರಿಸಿ, ಜನಿವಾರ ಬೇಕು ಎಂಬುದನ್ನು ಸೂಚಿಸಲು ಎಡ ಹೆಗಲಿನಿಂದ ಎದೆಯ ಮೇಲೆ ಕೈ ಎಳೆದು, ಎರಡೂ ಕೈ ಜೋಡಿಸಿದೆ.

ಸಾಹೇಬರ ಮುಖ ನಿಧಾನವಾಗಿ ಬದಲಾಯಿತು. "ಖಾಜಾನಿಗೆ ಕೊಡಿ ಅನ್ನುತ್ತೀರಾ? ಮನಃಪೂರ್ವಕವಾಗಿ?"

ನಾನು ಎರಡೂ ಕೈಯನ್ನು ಜೋರಾಗಿ ಅಲ್ಲಾಡಿಸಿದೆ. ಅದನ್ನು ಅವರು ನನಗೇನೂ ಬೇಡ ಎಂಬ ವಿನಯವೆಂದು ತಿಳಿದರು. ರಾಡನ್ನು ಕಂಕುಳಲ್ಲಿಟ್ಟುಕೊಂಡು ಬಂದು ನನ್ನ ಎರಡೂ ಭುಜ ಹಿಡಿದರು. ಇಷ್ಟು ವರ್ಷದ ನೌಕರಿಯಲ್ಲಿ ಇಂಥ ಮನುಷ್ಯನನ್ನು ನೋಡಿಲ್ಲ, ಇವರಿಗೆ ಮಾತೇ ಹೊರಡುತ್ತಿಲ್ಲ ನೋಡು ಎಂದು ಖಾಜಾನಿಗೆ ಹೇಳಿದರು.

ಖಾಜಾ ಟೋಪಿ ತೆಗೆದು, ಪ್ಯಾಂಟು ನೆನೆಯುವುದನ್ನೂ ಲೆಕ್ಕಿಸದೆ ನೀರಿಗಿಳಿದು ಬಂದ. ಕಣ್ಣು ತುಂಬಿತ್ತು. "ರಾವ್‌ಸಾಬ್, ನಮ್ಮ ಅಮ್ಮೀಗಿ ಕಣ್ಣು ಕಾಣಂಗಿಲ್ರಿ. ಬೀದಿ ನಳಕ್ಕ ಹೋಗಿ ಎರಡು ಸಲ ಬಿದ್ದಾಳ. ನಾ ಯಾರ ಮುಂದೂ ಹೇಳಿದ್ದಿಲ್ರಿ. ನಿಮಗ ಹ್ಯಾಂಗ ಗೊತ್ತಾಯ್ತು?"

ನನಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಮಾಡುವುದು ಏನೂ ಉಳಿದಿರಲಿಲ್ಲ. ರಾಡಿನ ತುದಿಯಲ್ಲಿ ತೂಗುತ್ತಿದ್ದುದನ್ನು ಖಾಜಾನೇ ಮೊದಲು ಕಂಡ. "ಅರೆ, ದಾರ ಹರದದ!" ಎಂದ. ನಾನು ಜೀಪಿನ ಕಡೆ ಕೈ ತೋರಿಸಿದೆ, ಓಡಿಹೋಗಿ ನನ್ನ ಚೀಲ ತಂದ. ಹೊಳೆಯ ನೀರಿನಲ್ಲಿ ಆಚಮನ ಮಾಡಿ, ಮಂತ್ರ ಹೇಳಿ, ಹೊಸ ಜನಿವಾರ ಹಾಕಿಕೊಂಡು ಮಾತಿಗೆ ಅರ್ಹನಾದೆ. ಇಬ್ಬರೂ ನನ್ನ ಬಾಯನ್ನೇ ನೋಡುತ್ತಿದ್ದರು. ಖಾಜಾನ ಮುಖ ನೋಡಿಕೊಂಡು ಕ್ವಾರ್ಟರ್ಸ್ ನನಗೇ ಬೇಕು ಎನ್ನುವುದು ನನ್ನಿಂದ ಆಗಲಿಲ್ಲ. "ಬಿಸಲು ಭಾಳ ಅದ" ಎಂದೆ.

ಮನೆಯಲ್ಲಿ ಎಲ್ಲವನ್ನೂ ಹೇಳಿದೆ. ಅವ್ವ ನನ್ನ ತಲೆ ಸವರಿ, "ಮಾತು ಉಳಿಸಿದಿ" ಎಂದಳು. ಸುಧಾ ಏನೂ ಹೇಳಲಿಲ್ಲ. ಮರುದಿನವೂ ಹೇಳಲಿಲ್ಲ, ಆ ವಾರ ಪೂರ್ತಿ ಹೇಳಲಿಲ್ಲ. ಅವಳಿಗೆ ಹರಿಯಲು ಜನಿವಾರವೂ ಇರಲಿಲ್ಲ.

ಮುಂದಿನ ಭಾನುವಾರ ಬಾವಿಯ ಹಗ್ಗ ಹರಿಯಿತು. ಅವಳು ಎರಡೂ ತುಂಡುಗಳನ್ನು ತಂದು ನನ್ನ ಮುಂದೆ ಹಾಕಿ ನಿಂತಳು. ನಾನು ಉತ್ಸಾಹದಿಂದ ಎದ್ದೆ. ಎರಡು ಎಳೆ ಸೇರಿಸುವ, ಪುಸ್ತಕದ ಅತ್ಯಂತ ಕಠಿಣವಾದ ಗಂಟನ್ನು, ಕಣ್ಣು ಮುಚ್ಚಿಕೊಂಡೇ ಹಾಕಿದೆ. ಕೊಡ ಇಳಿಯಿತು, ತುಂಬಿತು, ಅರ್ಧ ಬಾವಿ ಏರಿತು. ಆಮೇಲೆ ಹಗ್ಗ ಹಗುರವಾಯಿತು. ಜನಿವಾರದಲ್ಲಿ ಕತ್ತರಿ ಇಲ್ಲದೆ ಬಿಚ್ಚದ ಗಂಟು ಬಾವಿಹಗ್ಗದಲ್ಲಿ ತಾನಾಗಿ ಬಿಚ್ಚಿಕೊಂಡಿತ್ತು.

ಶರಣಪ್ಪನವರ ಮನೆಯಿಂದ ಪಾತಾಳಗರಡಿ ತಂದೆ. ಬಾವಿಗೆ ಬಿದ್ದ ಕೊಡ ಎತ್ತಲು ಇಳಿಬಿಡುವ, ಸುತ್ತ ಕೊಕ್ಕೆಗಳಿರುವ ಕಬ್ಬಿಣದ ಸಾಧನ ಅದು. ಕಟ್ಟೆಯ ಮೇಲೆ ಬಗ್ಗಿ ನಿಂತು ಬಹಳ ಹೊತ್ತು ಆಡಿಸಿದೆ. ಕೊನೆಗೆ ಕೊಡದ ಕಂಠ ಸಿಕ್ಕಿತು. ಸುಧಾ ಪಕ್ಕದಲ್ಲಿ ಬಂದು ಬಗ್ಗಿ ನೋಡಿದಳು. ವಾರದ ಮೇಲೆ ಮೊದಲ ಸಲ ಅವಳ ಬಾಯಿ ತೆರೆಯಿತು.

"ಹಿಡದದ್ದು ಬಿಡೋ ಕಲಾ ಹೊಳಿಯಾಗ ಇರ್ಲಿ. ಇದನ್ನ ಮ್ಯಾಲ ತರ್ರಿ."

ಮನೆಯ ಮಾತು ಮರಳಿ ಬಂತಲ್ಲ ಎಂದು ನನಗೆ ಎಷ್ಟು ಸಂತೋಷವಾಯಿತೆಂದರೆ, ಕೈಗೆ ಸಿಕ್ಕ ಎಳೆತಕ್ಕೆ, ಯೋಚನೆ ಮಾಡದೆ, ಹಗ್ಗವನ್ನು ಪೂರ್ತಿ ಶಕ್ತಿಯಿಂದ ಮೇಲಕ್ಕೆ ಜಗ್ಗಿದೆ.

ಕೊಡ ಮತ್ತೆ ಬಾವಿಗೆ ಬಿದ್ದ ಸದ್ದು ಶರಣಪ್ಪನವರ ಮನೆಯವರೆಗೂ ಕೇಳಿಸಿತಂತೆ.