ಅತ್ತೆ ತಿಂದ ಸಿಗಡಿ ಮೋಮೋ

"ಮದ್ವೆ ಆಗಿ ಇಷ್ಟ್ ದಿನ ಆಯ್ತು, ಅಳಿಯಂದ್ರ ಕೈಯಡುಗೆ ಒಂದ್ ದಿನಾನೂ ಉಣ್ಲಿಲ್ಲ ನಾನು" ಎಂದು ಅತ್ತೆ ಭಾಗಮ್ಮ ಕಾಫಿ ಕುಡಿಯುತ್ತಾ ನಕ್ಕರು. ಅವರು ನಕ್ಕು ಮರೆತರು. ಚಂದ್ರಕುಮಾರನಿಗೆ ಮರೆಯಲಾಗಲಿಲ್ಲ.

ತರೀಕೆರೆ ಬಸ್‌ಸ್ಟ್ಯಾಂಡಿನ ಬಳಿ ಅವನದು ಮೊಬೈಲ್ ರಿಪೇರಿ ಅಂಗಡಿ. ಭಾನುವಾರ ರಜೆ. ಹೆಂಡತಿ ಶ್ರುತಿ ಟ್ರೈನಿಂಗಿಗೆಂದು ಕಡೂರಿಗೆ ಹೊರಟವಳು, "ಅಮ್ಮನ್ನ ಚೆನ್ನಾಗ್ ನೋಡ್ಕಳ್ರೀ" ಎಂದು ಹೇಳಿಯೇ ಬಸ್ಸು ಹತ್ತಿದ್ದಳು.

ಫೋನಿನ ವಿಡಿಯೋದಲ್ಲಿ ಒಬ್ಬ ಹುಡುಗಿ ಸಿಗಡಿ ಮೋಮೋ ಕರಿಯುವುದನ್ನು ನೋಡಿ, ಇಷ್ಟೇನಾ ಅನ್ನಿಸಿತು. ಮೀನಂಗಡಿಯಿಂದ ಸಿಗಡಿ ತಂದ. ಸಿಪ್ಪೆ ಬಿಡಿಸಿ, ಕೊಚ್ಚಿ, ಶುಂಠಿ ಬೆಳ್ಳುಳ್ಳಿ ಹಸಿಮೆಣಸು ಬೆರೆಸಿದ. ಮೈದಾ ಲಟ್ಟಿಸಿ ತುಂಬಿದ. ಹುಡುಗಿಯ ಮೋಮೋಗಳಿಗೆ ಸೀರೆಯ ನೆರಿಗೆಯಂಥ ಮಡಿಕೆ. ಇವನವು ಅಗಸರ ಬಟ್ಟೆಗಂಟಿನಂತೆ ಕುಳಿತವು. ಮೊದಲನೆಯದು ಎಣ್ಣೆಗೆ ಬಿದ್ದದ್ದೇ ಪಟಾಕಿಯಂತೆ ಸಿಡಿಯಿತು. ಮಿಕ್ಕವನ್ನು ಅವನು ಹೆಲ್ಮೆಟ್ ಹಾಕಿಕೊಂಡು ಕರಿದ.

ಭಾಗಮ್ಮ ಬಾಗಿಲಿಂದ ಇಣುಕಿದರು. "ಕರಿಗಡುಬಿನೊಳಗೆ ಸಿಗಡಿ ತುಂಬ್ತಾರಾ ಅಳಿಯಂದ್ರೆ?"

"ಇದು ಮೋಮೋ ಅತ್ತೆ. ಬಿಸಿಬಿಸಿ ತಿನ್ನಿ."

ತಟ್ಟೆ ತುಂಬ ಇಟ್ಟುಕೊಡುವಷ್ಟರಲ್ಲಿ ಗಿರಾಕಿಯ ಫೋನು ಬಂತು. ಮಾತಾಡಲು ಬೀದಿಗೆ ಹೋದ. ಮರಳಿ ಬಂದಾಗ ಅತ್ತೆ ಖಾಲಿ ತಟ್ಟೆ ತೊಳೆಯುತ್ತಿದ್ದರು.

"ಹೆಂಗಿತ್ತು ಅತ್ತೆ?"

"ಚೆನ್ನಾಗಿತ್ತು ಕಣಪ್ಪ" ಎಂದು ಮುಖ ನೋಡದೆ ಹೇಳಿ, ಒಳಗೆ ಹೋಗಿ ಚಾಪೆಯ ಮೇಲೆ ಮಲಗಿದರು. ತನಗೊಂದೂ ಉಳಿದಿಲ್ಲವೆಂಬುದು ಚಂದ್ರಕುಮಾರನಿಗೆ ದೊಡ್ಡ ಸರ್ಟಿಫಿಕೇಟಿನಂತೆ ಕಂಡಿತು. ಖುಷಿಯಲ್ಲೇ ಮೊಸರನ್ನ ಉಂಡು ಹೊರಗೆ ಬಂದ.

ಜಗಲಿಯ ಮೇಲೆ ಪಕ್ಕದ ಮನೆಯ ಕೆಂಚಪ್ಪ ಪೇಪರು ಓದುತ್ತಿದ್ದರು. ಲಕ್ಕವಳ್ಳಿ ಡ್ಯಾಮಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮೀನು ಏಡಿಗಳ ವಿಷಯದಲ್ಲಿ ಬೀದಿಗೆಲ್ಲ ಅವರದೇ ಕೊನೆಯ ಮಾತು. ಚಂದ್ರಕುಮಾರ ತನ್ನ ಸಾಹಸ ವಿವರಿಸಿದ.

"ಬೆನ್ನಿನ ಕಪ್ಪು ದಾರ ತೆಗ್ದೇನೋ?" ಎಂದರು ಕೆಂಚಪ್ಪ.

"ಯಾವ ದಾರ ಅಣ್ಣ?"

ಕೆಂಚಪ್ಪ ಕನ್ನಡಕ ತೆಗೆದು ಪಕ್ಕಕ್ಕಿಟ್ಟರು. "ಅದು ಸಿಗಡಿ ಕರುಳು ಕಣೋ. ಅದು ಹೊಟ್ಟೆಗೆ ಹೋದ್ರೆ ನೋವಿಲ್ಲ, ಏನಿಲ್ಲ, ಸುಮ್ಕೆ ನಿದ್ದೆ ಬತ್ತದೆ. ಮಲಗ್ದೋರು ಆಮೇಲೆ ಏಳಲ್ಲ. ಲಕ್ಕವಳ್ಳೀಲಿ ಕಣ್ಣಾರೆ ನೋಡಿದೀನಿ."

ಚಂದ್ರಕುಮಾರ ಮನೆಯ ಬಾಗಿಲ ಕಡೆ ತಿರುಗಿ ನೋಡಿದ. "ನಮ್ಮತ್ತೆ ಮಲಗವ್ರೆ ಅಣ್ಣ."

ಇಬ್ಬರೂ ಒಳಗೆ ಓಡಿದರು. "ಅತ್ತೆ, ಅತ್ತೆ" ಎಂದು ಕೂಗಿದರೂ ಭಾಗಮ್ಮ ಅಲುಗಲಿಲ್ಲ. ಚಂದ್ರಕುಮಾರ ಅವರ ಮೂಗಿನ ಬಳಿ ಬೆರಳು ಹಿಡಿದ. ಫ್ಯಾನಿನ ಗಾಳಿಯಲ್ಲಿ ಏನೂ ತಿಳಿಯಲಿಲ್ಲ. ಕೆಂಚಪ್ಪ ನಾಡಿ ಹಿಡಿದು, "ಅದೆ. ಆದ್ರೆ ನಿಲ್ಲೋ ಹಂಗದೆ" ಎಂದರು.

ಅಷ್ಟರಲ್ಲಿ ಶ್ರುತಿಯ ಫೋನು. "ಅಮ್ಮ ಏನ್ಮಾಡ್ತವ್ರೆ?"

"ಮಲಗವ್ರೆ."

"ಈಗಲಾ? ಹಗಲೊತ್ತು ಮಲಗೋರೇ ಅಲ್ವಲ್ರೀ ಅವ್ರು."

ಚಂದ್ರಕುಮಾರ ಫೋನು ಕಟ್ ಮಾಡಿ, ಬೀದಿಗೆ ಹಾರಿ ಆಟೋ ತಂದ. ಚಾಪೆಯ ಒಂದು ತುದಿ ಅವನು, ಇನ್ನೊಂದು ತುದಿ ಕೆಂಚಪ್ಪ ಹಿಡಿದು ಅತ್ತೆಯನ್ನು ಎತ್ತಿದರು. ಹೊಸಿಲ ಬಳಿ ಭಾಗಮ್ಮ ಕಣ್ಣು ಬಿಟ್ಟರು.

"ಎಲ್ಲಿಗ್ರಪ್ಪಾ ಹೊತ್ಕಂಡ್ ಹೋಗ್ತಿದ್ದೀರಿ ನನ್ನ? ಶೀತಕ್ಕೆ ಮಾತ್ರೆ ನುಂಗಿ ಮಲಗಿದ್ರೆ ಅದಕ್ಕೂ ಬಿಡಲ್ವಾ?"

ಚಂದ್ರಕುಮಾರ ಚಾಪೆ ಇಳಿಸಿ ಅಲ್ಲೇ ಕುಸಿದ. "ಅತ್ತೆ, ಆ ಸಿಗಡಿ... ಹೊಟ್ಟೆ ಹೆಂಗದೆ?"

ಭಾಗಮ್ಮ ಸೆರಗು ಸರಿಮಾಡಿಕೊಂಡು ನೆಲ ನೋಡಿದರು. "ಬೇಜಾರ್ ಮಾಡ್ಕಬ್ಯಾಡಿ ಅಳಿಯಂದ್ರೆ. ನಂಗೆ ಸಿಗಡಿ ಆಗಲ್ಲ. ನಿಮ್ಮ ಮನಸ್ಸು ನೋಯ್ಬಾರ್ದು ಅಂತ ಸುಳ್ಳು ಹೇಳ್ದೆ. ಅಷ್ಟನ್ನೂ ಕಾಂಪೌಂಡ್ ಮೇಲಿಂದ ಈ ಕೆಂಚಪ್ಪೋರ ಹೆಂಡ್ತಿ ಯಶೋದಮ್ಮಂಗೆ ಕೊಟ್ಬಿಟ್ಟೆ."

ಚಂದ್ರಕುಮಾರನಿಗೆ ಹೋದ ಜೀವ ಬಂದಂತಾಯಿತು. ಆದರೆ ಕೆಂಚಪ್ಪನವರ ಮುಖ ಸುಣ್ಣದ ಗೋಡೆಯಂತಾಗಿತ್ತು.

"ಕಾಫಿ ಜೊತೆ ಕೊಟ್ಳಲ್ಲೋ ಅವಳು" ಎಂದರು ಮೆಲ್ಲಗೆ. "ಕೋಳೀದು ಅಂದ್ಕಂಡೆ. ಅವಳು ಬ್ಯಾಡ ಅಂದ್ಳು. ಎಲ್ಲಾ ನಾನೇ ತಿಂದೆ."

"ಅಣ್ಣ, ಲಕ್ಕವಳ್ಳೀಲಿ ನೀವು ನೋಡಿದ್ದು ನಿಜಾನಾ?"

"ನಾನೆಲ್ಲಿ ನೋಡ್ದೆ? ಯಾರೋ ಹೇಳಿದ್ರು ಕಣೋ" ಎನ್ನುತ್ತಾ ಕೆಂಚಪ್ಪ ಭಾಗಮ್ಮ ಎದ್ದುಹೋದ ಚಾಪೆಯ ಮೇಲೆ ತಾವೇ ಮಲಗಿಕೊಂಡರು. "ಎತ್ತೋ ಬೇಗ."

ಆಟೋ ಆಸ್ಪತ್ರೆಯ ಕಡೆ ಓಡಿತು. ಹಿಂದೆ ಬೀದಿಯುದ್ದಕ್ಕೂ ಯಶೋದಮ್ಮನ ದನಿ: "ನಮ್ಮನೇರಿಗೆ ಏನ್ ತಿನ್ಸಿದ್ಯೋ ಚಂದ್ರು?"

ಶ್ರುತಿಯ ಫೋನು ಮತ್ತೆ ಬಂತು. "ಅಮ್ಮ ಎದ್ರಾ?"

"ಎದ್ರು. ಚೆನ್ನಾಗವ್ರೆ."

"ಮತ್ತೆ ನಿಮ್ಮ ದನಿ ಯಾಕ್ರೀ ಹಂಗಾಗದೆ?"

ಚಂದ್ರಕುಮಾರ ತನ್ನ ತೊಡೆಯ ಮೇಲೆ ತಲೆಯಿಟ್ಟು, ಅಂಗಿ ಬಿಗಿಯಾಗಿ ಹಿಡಿದು ಮಲಗಿದ್ದ ಕೆಂಚಪ್ಪನವರನ್ನು ನೋಡಿದ. ಅವರು ಬಾಯಿ ಅಗಲವಾಗಿ ತೆರೆದು, ನಿಧಾನವಾಗಿ ಒಂದು ಆಕಳಿಕೆ ತೆಗೆದರು.